ಹಿಂದೆ ಎಡ, ಮುಂದೆ ಬಲ

ಮೂವತ್ತು ವರ್ಷ ಮನೆಗಳಿಗೆ ವೈರಿಂಗ್ ಮಾಡಿದವನು ಬಸ್ಸಿಗೆ ಕೈ ಹಾಕಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿದ್ದರೆ ನಮ್ಮ ಫ್ಯೂಸಣ್ಣನ ಮಾನ ಉಳಿಯುತ್ತಿತ್ತು, ನಮಗೆ ಹೇಳಲು ಈ ಕಥೆಯೂ ಸಿಗುತ್ತಿರಲಿಲ್ಲ. ಯಾವುದು ದೊಡ್ಡ ನಷ್ಟ ಅನ್ನುವುದನ್ನು ಓದುಗರೇ ತೀರ್ಮಾನಿಸಿಕೊಳ್ಳಲಿ.

ಫ್ಯೂಸಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಯಾರ ಮನೆಯಲ್ಲಿ ಫ್ಯೂಸ್ ಹೋದರೂ ಅವನಿಗೇ ಕರೆ ಹೋಗುತ್ತಿತ್ತು. ಅವನು ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡು, ದೊಡ್ಡ ಆಪರೇಷನ್ನಿಗೆ ಹೊರಟ ಡಾಕ್ಟರರ ಗಾಂಭೀರ್ಯದಲ್ಲಿ ಬರುತ್ತಿದ್ದ. ಕೆಲಸದಲ್ಲಿ ಗಟ್ಟಿಗನೇ. ಬಾಯಿ ಮಾತ್ರ ಕೆಲಸಕ್ಕಿಂತ ಎರಡು ಗೇಣು ಮುಂದೆ ಇರುತ್ತಿತ್ತು.

ಅವನ ಅಕ್ಕನ ಗಂಡ, ಅಂದರೆ ಭಾವ, ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಓಡಿಸುತ್ತಿದ್ದ ಬಸ್ಸಿಗೂ ಅದೇ ವರ್ಷ ವಯಸ್ಸಾಯಿತೆಂದು ಮೂಲೆಗೆ ತಳ್ಳಿದರು. ಭಾವ ಅದನ್ನೇ ಮನೆಗೆ ತಂದರು. ಸೀಟುಗಳನ್ನೆಲ್ಲ ಕಿತ್ತು, ಎರಡು ಮಂಚ, ಒಂದು ಒಲೆ, ಒಂದು ಕಪಾಟು ಕೂರಿಸಿ, ಕಿಟಕಿಗೆ ಅಕ್ಕನ ಹಳೇ ಸೀರೆಯ ಪರದೆ ಕಟ್ಟಿ ಓಡಾಡುವ ಮನೆ ಮಾಡಿಕೊಂಡರು. ಇದರ ಹಿಂದೆ ಅಕ್ಕನ ಒಂದು ಮಾತಿತ್ತು. "ಮೂವತ್ತೊಂದು ವರ್ಷ ಊರವರನ್ನೆಲ್ಲ ಸುತ್ತಿಸಿದ್ರಿ. ನನ್ನನ್ನ ಒಂದು ದಿನ ಕೂರಿಸ್ಕೊಂಡು ಹೋದ್ರಾ?" ಭಾವ ಬಸ್ಸನ್ನೇ ಕೊಂಡು ಇದಕ್ಕೆ ಉತ್ತರ ಕೊಟ್ಟರು.

ಇನ್ನು ಉಳಿದದ್ದು ಎರಡೇ. ಬಸ್ಸು ತಪಾಸಣೆಯಲ್ಲಿ ಪಾಸಾಗಬೇಕು, ಭಾವನ ಲೈಸೆನ್ಸು ನವೀಕರಣವಾಗಬೇಕು. ಎರಡಕ್ಕೂ ಸಾರಿಗೆ ಕಚೇರಿಯವರು ಒಂದೇ ದಿನ ಕೊಟ್ಟಿದ್ದರು. ಅದಕ್ಕೆ ಎರಡು ವಾರ ಇದೆ ಅನ್ನುವಾಗ, ಸ್ಟೀರಿಂಗಿನ ಪಕ್ಕದಲ್ಲಿದ್ದ ಹಳೇ ಇಂಡಿಕೇಟರ್ ಹಿಡಿ ಭಾವನ ಕೈಗೇ ಕಳಚಿಕೊಂಡು ಬಂತು.

"ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹತ್ರ ಕೊಡೋಣ ಅಂತ," ಎಂದರು ಭಾವ.

ಫ್ಯೂಸಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು. "ನಾನು ಬದುಕಿದೀನಿ ಭಾವ. ಬಸ್ಸು ಅಂದ್ರೇನು? ಗಾಲಿ ಇರೋ ಮನೆ. ಮೂರಂತಸ್ತಿನ ಕಲ್ಯಾಣ ಮಂಟಪಕ್ಕೆ ಲೈಟು ಹಾಕ್ದೋನು ನಾನು. ಇದಕ್ಕೆ ನಾಲ್ಕು ಮಿಣುಕು ದೀಪ ಹಾಕೋಕೆ ಆ ಗ್ಯಾರೇಜಿನೋನು ಬೇಕಾ?"

ಮೂರು ದಿನದಲ್ಲಿ ಕೆಲಸ ಮುಗಿಯಿತು. ಏನು ಕೆಲಸ ಅಂತೀರಿ! ಸ್ಟೀರಿಂಗಿನ ಪಕ್ಕ ಪಾಲಿಶ್ ಮಾಡಿದ ಮರದ ಹಲಗೆ, ಅದರ ಮೇಲೆ ಸಾಲಾಗಿ ಎಂಟು ಬಿಳಿ ಸ್ವಿಚ್ಚು. ಹೆಡ್‌ಲೈಟಿಗೆ ಫ್ಯಾನಿನ ರೆಗ್ಯುಲೇಟರು, ಒಂದರಿಂದ ಐದರವರೆಗೆ. ಹಾರ್ನಿಗೆ ಕಾಲಿಂಗ್ ಬೆಲ್ಲಿನ ಗುಂಡಿ. ಇಂಡಿಕೇಟರ್ ಹಾಕಿದರೆ ಡ್ರೈವರನ ಮುಂದೆ ಮಿನುಗುತ್ತಿದ್ದ ಎರಡು ಬಾಣಗಳನ್ನು ಫ್ಯೂಸಣ್ಣ ದಂಡವೆಂದು ಕಿತ್ತೆಸೆದ. ಬದಲಿಗೆ ಮನೆ ಬಾಗಿಲಿಗೆ ಹಾಕುವ ಹಕ್ಕಿಯ ಸದ್ದಿನ ಬೆಲ್ಲು ಕೂರಿಸಿದ. ಎಡಕ್ಕೆ ಒತ್ತಿದರೂ ಚಿಲಿಪಿಲಿ, ಬಲಕ್ಕೆ ಒತ್ತಿದರೂ ಚಿಲಿಪಿಲಿ.

ಭಾನುವಾರ ಬೆಳಿಗ್ಗೆ ಬೀದಿಯವರನ್ನೆಲ್ಲ ಸೇರಿಸಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಭಾಷಣವನ್ನೂ ಮಾಡಿದ. "ಕರೆಂಟಿಗೆ ಬುದ್ಧಿ ಇಲ್ಲ. ಅದನ್ನ ಹರಿಸೋನಿಗೆ ಇರಬೇಕು. ನಾನು ಕಟ್ಟಿದ ವೈರು ಇವತ್ತಿನವರೆಗೆ ತಪ್ಪು ದಾರಿ ಹಿಡಿದಿಲ್ಲ." ಜನ ಚಪ್ಪಾಳೆ ತಟ್ಟಿದರು. ಅವನ ಹೆಂಡತಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು.

ಭಾವ ಬಸ್ಸು ಹೊರಡಿಸಿದರು. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಬೇಕು. ಎಡದ ಸ್ವಿಚ್ಚು ಒತ್ತಿದರು, ಹಕ್ಕಿ ಕೂಗಿತು, ಬಸ್ಸು ಎಡಕ್ಕೆ ತಿರುಗಿತು. ಎದುರಿನಿಂದ ಬರುತ್ತಿದ್ದ ಬ್ರೆಡ್ಡಿನ ವ್ಯಾನಿನವನು ಯಾಕೋ ಗಕ್ಕನೆ ಬ್ರೇಕು ಹಾಕಿದ. ವ್ಯಾನಿನ ಹಿಂಬಾಗಿಲು ತೆರೆದುಕೊಂಡು ಟ್ರೇ ಟ್ರೇ ಬನ್ನು ಉರುಳುತ್ತಾ ಹೋಗಿ ಮೂಲೆಯ ಸಲೂನಿನ ಬಾಗಿಲಲ್ಲಿ ನಿಂತವು.

ಸಲೂನಿನವನು ಕತ್ತಿ ಹಿಡಿದುಕೊಂಡೇ ಹೊರಗೆ ಓಡಿ ಬಂದ. "ಬಲಕ್ಕೆ ಲೈಟ್ ಹಾಕಿ ಎಡಕ್ಕೆ ತಿರುಗಿಸಿದ್ರಲ್ಲ ಯಜಮಾನ್ರೇ! ಅವನು ನಿಮಗೆ ದಾರಿ ಬಿಡೋಕೆ ನಿಲ್ಲಿಸಿದ!"

ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರು ಗಣಿತದ ಮೇಷ್ಟ್ರು. ಕಾಲೂರಿ ನಿಂತು ಗುಡುಗಿದರು. "ಸುಳ್ಳು! ಎಡಕ್ಕೇ ಹಾಕಿದ್ರು. ನಾನು ಹಿಂದೇನೇ ಇದ್ದೆ."

"ನಾನು ಮುಂದೇನೇ ಇದ್ದೆ. ಬಲ!"

"ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟೋನಪ್ಪ ನಾನು. ನನಗೆ ಎಡ ಬಲ ಗೊತ್ತಾಗಲ್ವಾ?"

"ನಾನು ದಿನಾ ಜನರ ಎಡ ಮೀಸೆ ಬಲ ಮೀಸೆ ಸಮ ಮಾಡೋನು ಸ್ವಾಮಿ. ನನಗೆ ಗೊತ್ತಾಗಲ್ವಾ?"

ಇಬ್ಬರೂ ಸುಳ್ಳು ಹೇಳುವ ಜನವಲ್ಲ ಎಂದು ಇಡೀ ಬೀದಿಗೆ ಗೊತ್ತಿತ್ತು. ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡು ಹೊರಬಂದಿದ್ದ ಗಿರಾಕಿಯೇ ಕೊನೆಗೆ ನ್ಯಾಯ ತೀರಿಸಿದ. "ಇಬ್ಬರೂ ನೋಡಿರೋದು ಸರೀನೇ. ಯಜಮಾನ್ರು ಮೊದಲು ಬಲ ಹಾಕಿ, ಗಾಬರಿಯಾಗಿ ಎಡ ಹಾಕಿರ್ತಾರೆ. ವಯಸ್ಸು ನೋಡಿ. ನೀನು ಬಾರಯ್ಯ, ಈ ಕಡೆ ಕೆನ್ನೆ ಒಣಗ್ತಿದೆ."

ಎಲ್ಲರೂ ತಲೆದೂಗಿದರು. ಭಾವ ಸ್ಟೀರಿಂಗಿನ ಮೇಲಿದ್ದ ತಮ್ಮ ಎರಡೂ ಕೈಗಳನ್ನು ಹೊಸದಾಗಿ ನೋಡುವವರಂತೆ ನೋಡಿಕೊಂಡರು. "ಹಾಗೇ ಮಾಡಿದ್ನೇನೋ," ಎಂದರು.

ಫ್ಯೂಸಣ್ಣನಿಗೂ ಹಾಗೇ ಅನ್ನಿಸಿತು. ಅವನ ವೈರಂತೂ ತಪ್ಪುವುದಿಲ್ಲವಲ್ಲ!

ಮಂಗಳವಾರ ಬೆಳಿಗ್ಗೆ, ದೀಪದ ಗಾಜು ಒರೆಸುವ ನೆಪದಲ್ಲಿ ಹೆಂಡತಿಯನ್ನು ಕರೆದುಕೊಂಡು ಬಸ್ಸಿನ ಬಳಿ ಹೋದ. ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಎಡ ಒತ್ತು," ಎಂದ. ಹಿಂದೆ ಹೋಗಿ ನೋಡಿದ. ಎಡ ಮಿನುಗುತ್ತಿತ್ತು. ಎದೆ ಉಬ್ಬಿಸಿಕೊಂಡು ಮುಂದೆ ಬಂದ. ಅಲ್ಲಿ ಬಲ ಮಿನುಗುತ್ತಿತ್ತು.

ಎರಡು ಸಲ ರೆಪ್ಪೆ ಬಡಿದ. ಬಲವೇ.

ಆದದ್ದು ಇಷ್ಟೆ. ಮನೆಯ ವೈರಿಂಗಿನವನಿಗೆ ಯಾವಾಗಲೂ ಗೋಡೆಗೆ ಮುಖ ಮಾಡಿ ನಿಂತು ಅಭ್ಯಾಸ. ತನ್ನ ಎಡಗೈ ಕಡೆಯದು ಎಡ, ಬಲಗೈ ಕಡೆಯದು ಬಲ. ಹಿಂದಿನ ದೀಪ ಕಟ್ಟುವಾಗ ಬಸ್ಸಿನ ಬೆನ್ನಿಗೆ ಮುಖ ಮಾಡಿ ನಿಂತಿದ್ದ, ಲೆಕ್ಕ ಸರಿಹೋಯಿತು. ಮುಂದಿನ ದೀಪ ಕಟ್ಟುವಾಗ ಬಸ್ಸಿನ ಮೂತಿಗೆ ಮುಖ ಮಾಡಿ ನಿಂತಿದ್ದ. ಬಸ್ಸಿಗೂ ಅವನಿಗೂ ಎದುರುಬದುರು. ಗೋಡೆಗೆ ಸ್ವಂತ ಎಡ ಬಲ ಇರುವುದಿಲ್ಲ. ಬಸ್ಸಿಗೆ ಇರುತ್ತದೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ.

"ಸರಿ ಇದೆಯೇನ್ರೀ?" ಒಳಗಿನಿಂದ ಹೆಂಡತಿ ಕೇಳಿದಳು.

ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಆ ಕ್ಷಣ ಅವನ ಕಣ್ಣ ಮುಂದೆ ಬಸ್ಸಿನ ಮೆಟ್ಟಿಲು, ತನ್ನ ಭಾಷಣ, ಬೀದಿಯ ಚಪ್ಪಾಳೆ, ಗ್ಯಾರೇಜಿನವನು ಕಿಸಿಯಲಿರುವ ಹಲ್ಲು ಎಲ್ಲ ಬಂದು ನಿಂತವು.

"ಸರಿ ಇದೆ," ಎಂದ, ಮೆತ್ತಗೆ.

ಯಾರಿಗೂ ಗೊತ್ತಾಗದಂತೆ ನಾಳೆ ಸರಿ ಮಾಡಿಬಿಟ್ಟರಾಯಿತು ಅಂದುಕೊಂಡ. ಮರುದಿನ ಹೋದರೆ ಭಾವ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಬಸ್ಸು ನಿಂತೇ ಇತ್ತು. "ಎಡ... ಬಲ... ಎಡ..." ಎಂದು ಗೊಣಗುತ್ತಾ ಒಂದೊಂದೇ ಕೈ ಎತ್ತಿ ಇಳಿಸುತ್ತಿದ್ದರು. ಎಡಗೈ ಮಣಿಕಟ್ಟಿಗೆ ಕೆಂಪು ರಬ್ಬರ್ ಬ್ಯಾಂಡು.

"ನಿಮ್ಮಕ್ಕ ಹಾಕಿದ್ದು," ಎಂದರು ನಾಚಿಕೆಯಿಂದ. "ಎಡ ಯಾವುದು ಅಂತ ನೆನಪಿರಲಿ ಅಂತ."

ಮೂವತ್ತೊಂದು ವರ್ಷದಲ್ಲಿ ಒಂದು ಕೋಳಿಮರಿಗೂ ತಾಗಿಸದ ಡ್ರೈವರು! ಈಗಲೇ ಹೇಳಿಬಿಡುತ್ತೇನೆ ಎಂದು ಫ್ಯೂಸಣ್ಣ ಮೆಟ್ಟಿಲು ಹತ್ತಿದ. "ಭಾವ, ಆ ಬೋರ್ಡು..."

"ಬೋರ್ಡಿಗೇನಪ್ಪಾ, ಚಿನ್ನದಂಥ ಬೋರ್ಡು," ಎಂದು ಭಾವ ಸ್ವಿಚ್ಚುಗಳ ಮೇಲೆ ಕೈಯಾಡಿಸಿದರು. "ಅಷ್ಟು ಕಷ್ಟಪಟ್ಟು ಮಾಡಿಕೊಟ್ಟೆ. ಅದಕ್ಕೆ ತಕ್ಕ ಡ್ರೈವರು ನಾನಾಗಲಿಲ್ಲ ನೋಡು."

ಫ್ಯೂಸಣ್ಣ ಒಂದು ಸ್ಕ್ರೂ ಬಿಗಿ ಮಾಡಿ ಕೆಳಗಿಳಿದ. ಸ್ಕ್ರೂ ಮೊದಲೇ ಬಿಗಿಯಾಗಿತ್ತು.

ಶನಿವಾರ ಅಕ್ಕ ಭಾವನನ್ನು ಡಾಕ್ಟರ ಹತ್ತಿರ ಕಳಿಸಿದಳು. ಜೊತೆಗೆ ಹೋಗಬೇಕಾದವನು ಯಾರು? ತಮ್ಮನೇ. ಡಾಕ್ಟರು ಭಾವನನ್ನು ಎದುರಿಗೆ ಕೂರಿಸಿಕೊಂಡು, "ನಾನು ಮಾಡಿದ ಹಾಗೆ ಮಾಡಿ," ಎಂದು ತಮ್ಮ ಬಲಗೈ ಎತ್ತಿದರು. ಭಾವ ಅದರ ಎದುರಿಗಿದ್ದ ತಮ್ಮ ಎಡಗೈ ಎತ್ತಿದರು.

"ನಾನೆತ್ತಿದ್ದು ಬಲ," ಎಂದರು ಡಾಕ್ಟರು, ಬಹಳ ಮರುಕದಿಂದ. ಆಮೇಲೆ ಎಡ ಕಿವಿ ಮುಟ್ಟಿಕೊಂಡರು. ಭಾವ ಬಲ ಕಿವಿ ಮುಟ್ಟಿಕೊಂಡರು. ಡಾಕ್ಟರು ಚೀಟಿಯಲ್ಲಿ ಏನೇನೋ ಬರೆದರು.

ಡಾಕ್ಟ್ರೇ, ಅದು ಅವರ ತಪ್ಪಲ್ಲ, ಎದುರುಬದುರು ಕೂತರೆ ಹಾಗೇ ಆಗೋದು ಎಂದು ಕೂಗಬೇಕು ಅನ್ನಿಸಿತು ಫ್ಯೂಸಣ್ಣನಿಗೆ. ಆ ಇಡೀ ಊರಿನಲ್ಲಿ ಆ ವಿಷಯ ಅವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೆ ನಿಮಗೆ ಹೇಗೆ ಗೊತ್ತು ಎಂದು ಡಾಕ್ಟರು ಕೇಳಿದರೆ?

"ಸ್ವಲ್ಪ ಗಲಿಬಿಲಿ ಇದೆ," ಎಂದರು ಡಾಕ್ಟರು. "ಮಾತ್ರೆ ಕೊಡ್ತೀನಿ. ಡ್ರೈವಿಂಗು ಯೋಚನೆ ಮಾಡಿ."

ಆ ಮಾತ್ರೆ ನುಂಗಿ ಭಾವ ಮಧ್ಯಾಹ್ನ ಗಾಢವಾಗಿ ನಿದ್ದೆ ಹೋದರು. ಫ್ಯೂಸಣ್ಣ ಕಳ್ಳನ ಹಾಗೆ ಬಸ್ಸಿಗೆ ನುಗ್ಗಿದ. ಮುಂದಿನ ದೀಪ ಬಿಚ್ಚಬೇಕೆಂದರೆ ಹನ್ನೆರಡು ಬೋಲ್ಟು, ಬಂಪರು, ವೈರಿಗೆ ಸುತ್ತಿದ ಟಾರಿನ ಟೇಪು. ಒಂದು ಗಂಟೆಯ ಕೆಲಸ. ಯಾರಾದರೂ ಕಂಡರೆ ಕಥೆ ಮುಗಿಯಿತು. ಹಲಗೆಯ ಹಿಂದೆ ಸ್ವಿಚ್ಚಿನ ಬುಡದಲ್ಲೇ ಎರಡು ವೈರು ಅದಲುಬದಲು ಮಾಡಿದರೆ ಎರಡು ನಿಮಿಷ. ಮಾಡಿದ. ಮುಂದೆ ಓಡಿಹೋಗಿ ನೋಡಿದ. ಎಡ ಒತ್ತಿದ್ದಕ್ಕೆ ಎಡವೇ ಮಿನುಗುತ್ತಿತ್ತು! ಮನೆಗೆ ಹೋಗಿ ಎರಡು ತಟ್ಟೆ ಊಟ ಮಾಡಿದ.

ಹಿಂದಿನ ದೀಪವೂ ಅದೇ ಸ್ವಿಚ್ಚಿನಿಂದಲೇ ಹೋಗುತ್ತದೆ, ಅದು ಇಷ್ಟು ದಿನ ಸರಿಯಾಗಿತ್ತು, ಈಗ ಕೆಟ್ಟಿತು ಅನ್ನುವುದು ಮೂವತ್ತು ವರ್ಷದ ಅನುಭವಸ್ಥನ ತಲೆಗೆ ಹೊಳೆಯಲಿಲ್ಲ. ಅವಸರದಲ್ಲಿದ್ದವನು ಹಿಂದೆ ಹೋಗಿ ನೋಡಲೂ ಇಲ್ಲ.

ಸೋಮವಾರ ಅಕ್ಕ, "ತಪಾಸಣೆಗೆ ಮುಂಚೆ ಒಂದು ಸಲ ಓಡಿಸಿ ನೋಡ್ರಿ, ಧೈರ್ಯ ಬರುತ್ತೆ," ಎಂದಳು. ಭಾವ ಕೆಂಪು ಬ್ಯಾಂಡು ನೋಡಿಕೊಂಡು, ಸ್ವಿಚ್ಚು ನೋಡಿಕೊಂಡು, ಎಡ ಒತ್ತಿದರು. ಹಕ್ಕಿ ಕೂಗಿತು. ಎದುರಿಗೆ ಸಲೂನಿನ ಬಾಗಿಲಲ್ಲಿ ನಿಂತವನು ಎರಡೂ ಕೈ ಎತ್ತಿ, "ಭೇಷ್ ಯಜಮಾನ್ರೇ! ಇವತ್ತು ಸರಿಯಾಗಿದೆ!" ಎಂದು ಕೂಗಿದ.

ಬಸ್ಸು ಎಡಕ್ಕೆ ತಿರುಗಿತು. ಹಿಂದೆ ಕಿರ್ರೆಂದು ಸದ್ದಾಯಿತು. ಬಸ್ಸು ಬಲಕ್ಕೆ ಹೋಗುತ್ತದೆಂದು ನಂಬಿ ಎಡದಿಂದ ಮುಂದೆ ನುಗ್ಗಿದ್ದ ಮೇಷ್ಟ್ರು, ಸ್ಕೂಟರಿನ ಸಮೇತ ಬೇಲಿಗೆ ಒರಗಿ ನಿಂತಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ವಾರದಿಂದ ಬೀದಿಯಲ್ಲಿ ಭಾವನ ಪರವಾಗಿ ವಾದ ಮಾಡುತ್ತಿದ್ದವರು ಅವರೊಬ್ಬರೇ.

"ಕ್ಷಮಿಸಿ ಯಜಮಾನ್ರೇ," ಎಂದರು. "ಇನ್ನು ನನ್ನ ಕೈಲಿ ವಾದ ಮಾಡೋಕಾಗಲ್ಲ. ಬಲ ಹಾಕಿದ್ರಿ. ನಾನೇ ಕಣ್ಣಾರೆ ಕಂಡೆ."

"ಏನ್ ಮೇಷ್ಟ್ರೇ ನೀವು? ಇವತ್ತು ಎಡ ಹಾಕಿದ್ರು!" ಎಂದ ಸಲೂನಿನವನು.

"ಇವತ್ತು ಬಲ!"

ಒಂದು ವಾರದ ಹಿಂದೆ ಬಲ ಎಂದವನು ಈಗ ಎಡ ಅನ್ನುತ್ತಿದ್ದ. ಎಡ ಎಂದವರು ಬಲ ಅನ್ನುತ್ತಿದ್ದರು. ಬೀದಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಪಾಪ, ಯಜಮಾನರಿಗೆ ಕೈ ನಿಲ್ಲುತ್ತಿಲ್ಲ.

ಭಾವ ಬೀಗದ ಕೈ ತೆಗೆದು ಅಕ್ಕನ ಅಂಗೈಯಲ್ಲಿಟ್ಟರು. "ಬೇಡ ಕಣೇ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೈಲಿ ಆಗಲ್ಲ. ತಪಾಸಣೆಗೆ ಹೋಗಿ ಲೈಸೆನ್ಸು ಒಪ್ಪಿಸಿ ಬಂದುಬಿಡ್ತೀನಿ."

ಆ ಸಂಜೆ ಅಕ್ಕ ಬಸ್ಸಿನಿಂದ ಸಾಮಾನು ಇಳಿಸಿದಳು. ಮಡಿಸಿದ ಹೊದಿಕೆ ಎರಡು, ಲೋಟ ಎರಡು, ಹೊಸ ಕೊಡೆ, ದಾರಿಯಲ್ಲಿ ಓದಲೆಂದು ಇಟ್ಟುಕೊಂಡಿದ್ದ ಪುಸ್ತಕ. ಒಂದೊಂದನ್ನೇ ತಂದು ಮನೆಯ ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟಳು. ಫ್ಯೂಸಣ್ಣ ತನ್ನ ಮನೆಯ ಕಿಟಕಿಯಿಂದ ನೋಡುತ್ತಿದ್ದ. ಹಿಂದಿನ ದೀಪದ ವಿಷಯ ಅವನಿಗೆ ಅಷ್ಟರಲ್ಲಿ ಹೊಳೆದಿತ್ತು. ಆದರೆ ಬೀಗದ ಕೈ ಅಕ್ಕನ ಬಳಿ ಇತ್ತು, ಕೇಳಿದರೆ ಯಾಕೆಂದು ಹೇಳಬೇಕಿತ್ತು. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು.

"ಯಾಕ್ರೀ, ಊಟ ಸೇರ್ತಿಲ್ವಾ?" ಎಂದಳು ಹೆಂಡತಿ.

"ಹಸಿವಿಲ್ಲ."

ಅವಳು ತಟ್ಟೆ ಎತ್ತಿಕೊಂಡಳು. "ಆವತ್ತು ಬಸ್ಸಿನ ಮುಂದೆ ನಿಂತು ಸರಿ ಇದೆ ಅಂದ್ರಲ್ಲ. ನಿಮ್ಮ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ. ನೀವು ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದೋರಲ್ಲ." ಅಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ತಪಾಸಣೆಯ ದಿನ ಬಂತು. ಬಸ್ಸನ್ನು ಹೇಗೂ ತೋರಿಸಲೇಬೇಕಿತ್ತು, ಇದೇ ಕೊನೆಯ ಸಲವೆಂದು ಭಾವ ಆಮೆಯ ಹಾಗೆ ಓಡಿಸಿಕೊಂಡು ಹೋದರು. ದೊಡ್ಡ ಮೈದಾನ, ಸುಣ್ಣದಲ್ಲಿ ಎಳೆದ ಗೆರೆಗಳು, ಸಾಲುಸಾಲು ಗಾಡಿಗಳು. ಬೀದಿಯ ಅರ್ಧ ಜನ ಭಾವನಿಗೆ ಸಮಾಧಾನ ಹೇಳಲು ಬಂದಿದ್ದರು. ಸಲೂನು ಮುಚ್ಚಿತ್ತು. ಮೇಷ್ಟ್ರು ಸ್ಕೂಟರಿನಲ್ಲಿ, ಆದರೆ ಬಹಳ ದೂರದಲ್ಲಿ, ಹಿಂಬಾಲಿಸಿದ್ದರು.

ಅಧಿಕಾರಿ ಬಸ್ಸು ಹತ್ತಿ ಹಲಗೆ ನೋಡಿದರು. ರೆಗ್ಯುಲೇಟರು ತಿರುಗಿಸಿದರು. ಹಾರ್ನಿನ ಗುಂಡಿ ಒತ್ತಿದರು. "ಇದೇನ್ರೀ, ಬಸ್ಸೋ ಬಾಡಿಗೆ ಮನೆಯೋ?" ಎನ್ನುತ್ತಾ ಇಳಿದು ಮುಂದೆ ನಿಂತರು. ಅವರ ಸಹಾಯಕ, ತಲೆ ನರೆತ ಸಾಧು ಮನುಷ್ಯ, ಹಿಂದೆ ನಿಂತ.

"ಎಡ ಹಾಕ್ರೀ!"

ಚಿಲಿಪಿಲಿ.

"ಎಡ, ಸರಿ," ಎಂದರು ಅಧಿಕಾರಿ.

"ಬಲ, ಸಾರ್!" ಎಂದ ಸಹಾಯಕ ಹಿಂದಿನಿಂದ.

"ಏನಯ್ಯಾ? ಎಡ!"

"ಬಲ ಸಾರ್!"

"ಬಾ ಈ ಕಡೆ!" ಇಬ್ಬರೂ ಜಾಗ ಬದಲಿಸಿದರು. ಈಗ ಅಧಿಕಾರಿಗೆ ಹಿಂದೆ ಬಲ ಕಂಡಿತು, ಸಹಾಯಕನಿಗೆ ಮುಂದೆ ಎಡ ಕಂಡಿತು. ಸಹಾಯಕ ತನ್ನ ಎರಡು ಅಂಗೈಗಳನ್ನೂ ಮುಖದ ಮುಂದೆ ಹಿಡಿದು ನೋಡಿಕೊಂಡ. "ತಪ್ಪಾಯ್ತು ಸಾರ್. ಎಡವೇ. ರಾತ್ರಿ ನಿದ್ದೆ ಸರಿಯಾಗಿರಲಿಲ್ಲ."

"ಎಡವೇ ಅಂತ ಯಾಕಯ್ಯಾ ಅಂತೀಯ, ಬಲ ಉರೀತಿದೆಯಲ್ಲ!"

"ಬಲವೇ ಸಾರ್," ಎಂದ ಸಹಾಯಕ, ಅಳುವ ದನಿಯಲ್ಲಿ.

ಅಧಿಕಾರಿ ಕೆರಳಿ ಕಿಟಕಿಯ ಬಳಿ ಬಂದರು. "ಏನ್ರೀ, ನಾವು ಆ ಕಡೆ ಹೋದಾಗ ಒಂದು, ಈ ಕಡೆ ಬಂದಾಗ ಒಂದು ಒತ್ತಿ ಆಟ ಆಡ್ತಿದೀರಾ?"

ಭಾವ ಕೆಳಗಿಳಿದರು. ಜೇಬಿನಿಂದ ಲೈಸೆನ್ಸು ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದರು. "ಆಟ ಅಲ್ಲ ಸಾರ್. ನನಗೆ ಒತ್ತಿದ್ದು ನೆನಪಿರಲ್ಲ. ವಯಸ್ಸಾಯ್ತು. ಇದನ್ನ ನೀವೇ ಇಟ್ಕೊಳ್ಳಿ." ಅವರ ಮಣಿಕಟ್ಟಿನ ಕೆಂಪು ಬ್ಯಾಂಡು ಎಲ್ಲರಿಗೂ ಕಂಡಿತು. ಅಕ್ಕ ಆ ಕಡೆ ತಿರುಗಿಕೊಂಡಳು.

"ಭಾವ, ಬೇಡ!" ಫ್ಯೂಸಣ್ಣನ ಗಂಟಲಿಂದ ಯಾರದೋ ದನಿ ಹೊರಟಂತಾಯಿತು. "ಸಾರ್, ವೈರು. ವೈರು ತಪ್ಪಾಗಿದೆ. ನಾನೇ ಕಟ್ಟಿದ್ದು. ಮುಂದಿಂದು ಒಂದು ಕಡೆ, ಹಿಂದಿಂದು ಇನ್ನೊಂದು ಕಡೆ. ಅವರು ಒತ್ತಿದ್ದೆಲ್ಲ ಸರಿಯಾಗೇ ಇತ್ತು, ಮೊದಲಿನಿಂದ."

ಸಲೂನಿನವನು ಹಣೆ ಚಚ್ಚಿಕೊಂಡ. ಮೇಷ್ಟ್ರು, "ಅಂದ್ರೆ ನಾನು ಹೇಳಿದ್ದೂ ಸರಿ, ಅವನು ಹೇಳಿದ್ದೂ ಸರಿ!" ಎಂದು ಲೆಕ್ಕ ಬಿಡಿಸಿದವರಂತೆ ಕೂಗಿದರು. ಸಹಾಯಕ ಅಂಗೈಗಳನ್ನು ಕೆಳಗಿಳಿಸಿ ದೊಡ್ಡ ಉಸಿರು ಬಿಟ್ಟ. ಅಧಿಕಾರಿಗೂ ನಗು ಬಂತು. "ಮನೆ ವೈರಿಂಗಿನವರಾ? ಹಲಗೆ ನೋಡಿದಾಗ್ಲೇ ಅಂದ್ಕೊಂಡೆ. ಗೊತ್ತಿಲ್ದೆ ಆಗಿರುತ್ತೆ, ಬಿಡಿ."

ಭಾವನ ಮುಖ ಅರಳಿತು. ಹೆಂಡತಿಯ ಕಡೆ ನೋಡಿದರು, ತಮ್ಮ ಕೈ ನೋಡಿಕೊಂಡರು, ಮಗುವಿನ ಹಾಗೆ ನಕ್ಕರು. "ಹೌದು ಸಾರ್, ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು!"

ಎಷ್ಟು ಸುಲಭವಾಗಿ ಮುಗಿದುಹೋಗುತ್ತಿತ್ತು! ಸ್ವಲ್ಪ ತಲೆ ಕೆರೆದುಕೊಂಡು, ಹಲ್ಲು ಕಿರಿದು ನಿಂತಿದ್ದರೆ ಸಾಕಿತ್ತು. ಆದರೆ ಆ ಪಾಪ ಅನ್ನುವ ಮಾತು ಫ್ಯೂಸಣ್ಣನ ಎದೆಗೆ ಹೋಗಿ ಚುಚ್ಚಿತು.

"ಗೊತ್ತಿತ್ತು ಭಾವ," ಎಂದ.

"ಏನು?"

"ಮೂರನೇ ದಿನವೇ ಗೊತ್ತಾಯ್ತು. ಮಾನ ಹೋಗುತ್ತೆ ಅಂತ ಬಾಯಿಬಿಡಲಿಲ್ಲ. ನೀವು ಡಾಕ್ಟರ ಮುಂದೆ ಕೂತಾಗ್ಲೂ ಗೊತ್ತಿತ್ತು. ಆ ಬ್ಯಾಂಡು ಹಾಕ್ಕೊಂಡಾಗ್ಲೂ ಗೊತ್ತಿತ್ತು."

ನಗುತ್ತಿದ್ದವರು ನಗು ನಿಲ್ಲಿಸಿದರು. ಭೂಮಿ ಬಾಯಿಬಿಟ್ಟಿದ್ದರೆ ಫ್ಯೂಸಣ್ಣ ಹಿಂದೆಮುಂದೆ ನೋಡದೆ ಇಳಿದುಬಿಡುತ್ತಿದ್ದ. ಆ ಮೈದಾನ ಬಾಯಿಬಿಡಲಿಲ್ಲ. ಅಕ್ಕ ಅವನನ್ನು ನೋಡಿದ ನೋಟವನ್ನು ನಾವು ವರ್ಣಿಸುವುದಿಲ್ಲ, ಅಕ್ಕಂದಿರಿರುವವರಿಗೆ ಗೊತ್ತಿರುತ್ತದೆ.

ಭಾವ ಮಣಿಕಟ್ಟಿನ ಕೆಂಪು ಬ್ಯಾಂಡನ್ನು ನಿಧಾನವಾಗಿ ಕಳಚಿದರು. ಭಾಮೈದನ ಎಡಗೈ ಹಿಡಿದು ಎಳೆದು, ಅದಕ್ಕೆ ಹಾಕಿದರು.

"ಇದು ಎಡ," ಎಂದರು.

ಅಧಿಕಾರಿ ಲೈಸೆನ್ಸಿಗೆ ಸೀಲು ಒತ್ತಿದರು. ಬಸ್ಸಿಗೆ ಮಾತ್ರ, ಗ್ಯಾರೇಜಿನವನಿಂದ ದೀಪ ಸರಿ ಮಾಡಿಸಿ ಒಂದು ವಾರದಲ್ಲಿ ತರಬೇಕೆಂದು ಬರೆದುಕೊಟ್ಟರು. ಅಲ್ಲಿಯವರೆಗೆ ಇಂಡಿಕೇಟರ್ ಮುಟ್ಟಕೂಡದು, ಕೈಸನ್ನೆಯೇ ಗತಿ. ಬಲಕ್ಕೆ ಡ್ರೈವರು ತಾನೇ ಕೈ ಚಾಚಬಹುದು. ಎಡಗಡೆ ಕಿಟಕಿಗೆ ಒಬ್ಬರು ಬೇಕು.

ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಫ್ಯೂಸಣ್ಣ ಹೋಗಿ ಎಡಗಡೆ ಕಿಟಕಿಯ ಬಳಿ ಕೂತ. ಭಾವ, "ಎಡ," ಅನ್ನುವುದು, ಅವನು ಭುಜದವರೆಗೂ ತೋಳು ಹೊರಗೆ ಚಾಚುವುದು. ಅಂದು ಅವರಿಗೆ ಎಡಕ್ಕೆ ತಿರುಗುವ ರಸ್ತೆಗಳೇ ಸಿಕ್ಕಿದವು. ಹತ್ತು ನಿಮಿಷದ ದಾರಿ ಮುಕ್ಕಾಲು ಗಂಟೆಯಾಯಿತು.

ಕೊನೆಗೆ ಸ್ವಂತ ಬೀದಿಯ ಮೂಲೆ ಬಂತು. ಸಲೂನಿನವನು ಅಷ್ಟರಲ್ಲಿ ಬೇರೆ ದಾರಿಯಿಂದ ಬಂದು ಅಂಗಡಿ ತೆಗೆದು ಬಾಗಿಲಲ್ಲಿ ನಿಂತಿದ್ದ. ಹಿಂದೆ ಮೇಷ್ಟ್ರು, ಈಗ ಧೈರ್ಯವಾಗಿ ಹತ್ತಿರದಲ್ಲೇ. ಭಾವ ಹೇಳುವ ಮೊದಲೇ ಫ್ಯೂಸಣ್ಣ ಕೈ ಚಾಚಿದ. ಮುಂದಿನಿಂದ ನೋಡಿದರೂ ಅದೇ ಕೈ, ಹಿಂದಿನಿಂದ ನೋಡಿದರೂ ಅದೇ ಕೈ. ಮಣಿಕಟ್ಟಿನಲ್ಲಿ ಕೆಂಪು ಬ್ಯಾಂಡು.

"ಎಡ!" ಎಂದು ಕೂಗಿದ ಸಲೂನಿನವನು.

"ಎಡ!" ಎಂದು ಕೂಗಿದರು ಮೇಷ್ಟ್ರು.

ಎರಡು ವಾರದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತು ಆಡಿದ್ದರು. ಬೀದಿಯವರು ಚಪ್ಪಾಳೆ ತಟ್ಟಿದರು. ಫ್ಯೂಸಣ್ಣ ತಲೆ ತಗ್ಗಿಸಿಕೊಂಡೇ ಕೂತಿದ್ದ. ಹಿಂದೆ ಮಂಚದ ಮೇಲೆ ಕೂತಿದ್ದ ಅಕ್ಕ ಕಿಟಕಿಯ ಪರದೆ ಸರಿಸಿ ಹೊರಗೆ ನೋಡುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಗಂಡನ ಬಸ್ಸಿನಲ್ಲಿ ಅವಳು ಇಷ್ಟು ದೂರ ಹೋಗಿ ಬಂದದ್ದು ಅದೇ ಮೊದಲು.

"ಭಾವ," ಎಂದ ಫ್ಯೂಸಣ್ಣ ಮೆತ್ತಗೆ, "ಮನೆ ಬಂತು. ಕೈ ಒಳಗೆ ತಗೊಳ್ಳಲಾ?"

ಭಾವ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದರು. ಬಸ್ಸು ಮನೆಯ ಮುಂದೆ ನಿಲ್ಲದೆ ಹಾಗೇ ಮುಂದಕ್ಕೆ ಹೋಯಿತು.

"ಇರಲಿ," ಎಂದರು. "ಅವಳಿಗೆ ಇನ್ನೊಂದು ಸುತ್ತು ಬೇಕಂತೆ."